ಇಪ್ಪತ್ತನೇ ಹೆಸರು

ಬೇಲೂರಿನ ಸುಬ್ಬರಾಮಯ್ಯ ಮೇಷ್ಟರಿಗೆ ಮೂಗಿನ ತುದಿಯಲ್ಲೇ ಕೋಪ. ಎಂಬತ್ತರ ಹತ್ತಿರವಿರುವ ಈ ನಿವೃತ್ತ ಹೆಡ್‌ಮಾಸ್ಟರು ಅವತ್ತು ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಹಳೇ ಶಿಷ್ಯ ಕೆಂಚಪ್ಪನನ್ನು ಎಳೆದುಕೊಂಡು ಗೆಂಡೆಹಳ್ಳಿ ಬಸ್ಸು ಹತ್ತಿದರು. ಕರಿಕಲ್ಲು ಗುಡ್ಡದ ಚಾರಣದ ದಾರಿ ತೆರೆಯುವುದು ಮಳೆ ನಿಂತ ಮೇಲೆ, ಅದೂ ನಾಲ್ಕೇ ತಿಂಗಳು. ಪೇಟೆಯವರಿಗೆ ಆ ದಾರಿ ತೋರಿಸುವುದೇ ಕೆಂಚಪ್ಪನ ಬದುಕು. ಈ ಸಲ ಅರವತ್ತು ತುಂಬಿತೆಂದು ಅರಣ್ಯ ಇಲಾಖೆಯವರು ಗೇಟಿನಲ್ಲಿ ಅವನ ಗೈಡ್ ಬ್ಯಾಡ್ಜು ಕಿತ್ತುಕೊಂಡಿದ್ದರು.

"ನಿನಗೆ ಐವತ್ತೆಂಟು ಕಣೋ! ನನ್ನ ಮದುವೆಯಾದ ವರ್ಷ ಹುಟ್ಟಿದವನು ನೀನು. ನನಗೆ ಗೊತ್ತಿಲ್ವಾ?"

"ಹೋಗ್ಲಿ ಬುಡಿ ಮೇಷ್ಟ್ರೇ. ನೀವು ಬರಾದು ಬ್ಯಾಡ," ಎಂದು ಕೆಂಚಪ್ಪ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದ.

ಮೇಷ್ಟರು ಕೇಳಬೇಕಲ್ಲ! ಗೆಂಡೆಹಳ್ಳಿಯಿಂದಾಚೆ ಬಸ್ಸಿಲ್ಲ. ಲಗೇಜ್ ಆಟೋದಲ್ಲಿ ಮೂರು ಮೈಲಿ ಕುಲುಕಿ ಮೈಯೆಲ್ಲ ಹಣ್ಣಾಯಿತು. ಆಮೇಲೆ ಕೊರಕಲಿನಲ್ಲಿ ಕಾಲ್ನಡಿಗೆ. ರಸ್ತೆ ಮಾಡುವ ಯೋಗ್ಯತೆಯಿಲ್ಲ, ರೂಲ್ಸು ಮಾತ್ರ ಬೇಕು ಇವರಿಗೆ ಎಂದು ದಾರಿಯುದ್ದಕ್ಕೂ ಬಯ್ದರು. ಕೆಂಚಪ್ಪ ಕೈ ಹಿಡಿದು ಹತ್ತಿಸಿದ.

ಗೇಟಿನಲ್ಲಿದ್ದ ಅಧಿಕಾರಿ ಇಂದ್ರೇಶ್ ಎದ್ದು ಕುರ್ಚಿ ಕೊಟ್ಟ. "ಶಾಲೆ ದಾಖಲೆ ನೋಡಿಯೇ ಹೇಳಿದ್ದು ಸರ್. ಹುಟ್ಟಿದ್ದು ಜೂನ್ ಒಂದು ಅಂತಿದೆ, ಆ ಲೆಕ್ಕಕ್ಕೆ ಅರವತ್ತು ತುಂಬಿದೆ."

"ಜೂನ್ ಒಂದು! ಊರಿಗೆ ಊರೇ ಜೂನ್ ಒಂದಕ್ಕೆ ಹುಟ್ಟಿತೇನ್ರೀ? ಯಾವ ಮುಠ್ಠಾಳ ಬರೆದದ್ದು?"

ಇಂದ್ರೇಶ್ ದಾಖಲಾತಿ ಪುಸ್ತಕದ ಜೆರಾಕ್ಸ್ ಮುಂದಿಟ್ಟ. ದುಂಡನೆಯ ಅಕ್ಷರ, ಕೆಳಗೆ ಸಹಿ. ಎರಡೂ ಮೇಷ್ಟರದ್ದೇ.

ಆಗ ನೆನಪಾಯಿತು. ಆ ವರ್ಷ ಇಪ್ಪತ್ತು ಮಕ್ಕಳಿಲ್ಲದಿದ್ದರೆ ಶಾಲೆ ಮುಚ್ಚುತ್ತಿತ್ತು. ಸಿಕ್ಕಿದ್ದು ಹತ್ತೊಂಬತ್ತು. ತಾಯಿಯ ಸೊಂಟದ ಮೇಲಿದ್ದ ನಾಲ್ಕು ವರ್ಷದ ಕೆಂಚಪ್ಪನಿಗೆ ಎರಡು ವರ್ಷ ಸೇರಿಸಿ, ಎಲ್ಲರಿಗೂ ಹಾಕುವ ಜೂನ್ ಒಂದನ್ನೇ ಹಾಕಿ, ಇಪ್ಪತ್ತನೇ ಹೆಸರು ಬರೆದಿದ್ದರು. ಶಾಲೆ ಉಳಿಯಿತು, ಅವರ ನೌಕರಿಯೂ ಉಳಿಯಿತು.

"ನಿನಗೆ ಗೊತ್ತಿತ್ತೇನೋ?"

"ಅವ್ವ ಯೋಳಿತ್ತು ಮೇಷ್ಟ್ರೇ. ಅದಕ್ಕೇ ಬರಬ್ಯಾಡಿ ಅಂದಿದ್ದು."

ಮೇಷ್ಟರ ಸಿಟ್ಟು ಇಳಿಯಲಿಲ್ಲ. ಅಲ್ಲಿದ್ದವರಲ್ಲಿ ಬಯ್ಯಿಸಿಕೊಳ್ಳಬೇಕಾದವರು ತಾವೊಬ್ಬರೇ ಎಂಬುದು ಅವರನ್ನು ಸುಟ್ಟಿತು.

"ಹಾಳೆ ಕೊಡ್ರೀ!" ಎಂದು ಗದರಿದರು. "ಸುಳ್ಳು ಬರೆದವನು ನಾನು. ಅದನ್ನೇ ಬರೆದುಕೊಡ್ತೀನಿ, ಯಾರಿಗೆ ಕಳಿಸಬೇಕೋ ಕಳಿಸಿ. ಇವನ ಬ್ಯಾಡ್ಜು ಇವನಿಗೆ ಬರಬೇಕು."

ಇಂದ್ರೇಶ್ ಹಾಳೆ ಕೊಟ್ಟ. ಮೇಷ್ಟರು ಎಲ್ಲವನ್ನೂ ಬರೆದು, ಕೆಳಗೆ ಸಹಿ ಹಾಕಿದರು. ಹಳೇ ಅಭ್ಯಾಸದಂತೆ ಹೆಸರಿನ ಕೆಳಗೆ ಹೆಡ್‌ಮಾಸ್ಟರ್ ಎಂದು ಬರೆಯಲು ಹೋದವರು, ಬರೆಯದೆ ಪೆನ್ನು ವಾಪಸು ಕೊಟ್ಟರು.