ಹೆಸರು ಬರೆಸಲಾಗದ ಬಾಡಿಗೆ

ವಿರೂಪಾಕ್ಷಪ್ಪನವರು ರಾಯದುರ್ಗದ ನಮ್ಮ ಹೊಲಿಗೆ ತರಬೇತಿ ಕೇಂದ್ರಕ್ಕೆ ಕೊಡಿಸಿದ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಅವರದೇ ಹೆಸರಿತ್ತು. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ. ಹಾಗಾಗಿ ಅವರು ಬಂದು ಕೂತಾಗಲೆಲ್ಲ ಅದನ್ನು ನಿಲ್ಲಿಸಬೇಕಿತ್ತು. ಬಿರುಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳುತ್ತ, ಮೇಲೆ ನೋಡಿ ಸಂತೋಷಪಡುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಜೀನ್ಸ್ ಹೊಲಿಸುವ ಯೂನಿಟ್ ಇತ್ತು ಅವರದು. ಎದುರಿಗೆ ಮೈಕು ಇಲ್ಲದಿದ್ದರೂ ಗಂಟಲು ಸರಿಮಾಡಿಕೊಂಡೇ ಮಾತು ಶುರು ಮಾಡುವರು. "ಕಾಣದ್ದಕ್ಕ ಕೊಟ್ರ ಅದು ಕೊಟ್ಟಂಗ ಏನ್ರಿ?" ಎನ್ನುವುದು ಅವರ ದಾನಧರ್ಮದ ಒಟ್ಟು ಸಾರ.

ನಾವು ನಾಲ್ಕೈದು ಜನ ಬಿಡುವಿನಲ್ಲಿ ಕೂತು ಒಂದು ತಂತ್ರಾಂಶ ಮಾಡಿದ್ದೆವು. ಮೈಯಳತೆ ಕೊಟ್ಟರೆ ಬಟ್ಟೆ ಕತ್ತರಿಸುವ ನಕ್ಷೆ ಬರುತ್ತದೆ, ಕನ್ನಡದಲ್ಲೂ ತೆಲುಗಿನಲ್ಲೂ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು, ಹಂಚಬಹುದು. ನಮ್ಮ ದುಡಿಮೆಗೆ ನಾವು ಕೂಲಿ ಕೇಳಿರಲಿಲ್ಲ. ಆದರೆ ಅದು ಕೂತಿದ್ದ ಸರ್ವರ್ ಬೇರೆಯವರದು, ತಿಂಗಳು ತಿಂಗಳು ಬಾಡಿಗೆ ಕಟ್ಟಲೇಬೇಕು. ನಮ್ಮನಮ್ಮಲ್ಲೇ ಚಂದಾ ಎತ್ತಿ ಕಟ್ಟುತ್ತಿದ್ದೆವು. ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ಮಡಕಶಿರ ಕಡೆಯ ಅಗಳಿ ಎಂಬ ಊರಿಗೆ ಬಂದು ಮನೆಯಲ್ಲೇ ಮಿಷನ್ ಹಾಕಿಕೊಂಡಿದ್ದ ನಾಗರತ್ನಮ್ಮನಂಥವರು ಗಿರಾಕಿಗಳ ಅಳತೆಯನ್ನೆಲ್ಲ ಅದರಲ್ಲೇ ಇಟ್ಟಿದ್ದರು. ಅವರ ಜೀವನ ನಡೆಯುತ್ತಿದ್ದದ್ದು ಅದರ ಮೇಲೆ. ವಿರೂಪಾಕ್ಷಪ್ಪನವರ ಕಟಿಂಗ್ ಮಾಸ್ತರೂ ದಿನಾ ಅದನ್ನೇ ಬಳಸುತ್ತಿದ್ದ.

ಕೇಂದ್ರದ ಸಭೆಯೊಂದರಲ್ಲಿ ಅವರು ಮೈಕು ಹಿಡಿದು, ಇನ್ನು ಮೇಲೆ ಸರ್ವರ್ ಬಾಡಿಗೆ ತಮ್ಮದು ಎಂದು ಸಾರಿದರು. ಚಪ್ಪಾಳೆ ಬಿತ್ತು, ಶಾಲು ಬಿತ್ತು. ಅವತ್ತಿನಿಂದ ನಾವು ಚಂದಾ ನಿಲ್ಲಿಸಿಬಿಟ್ಟೆವು. ದೊಡ್ಡವರೊಬ್ಬರು ಹೊಣೆ ಹೊತ್ತ ಮೇಲೂ ಡಬ್ಬಿ ಹಿಡಿದರೆ ಅವರ ಮುಖಕ್ಕೆ ಮಸಿ ಬಳಿದಂತೆ ಎಂದು ನಮ್ಮ ಕಡೆ ತಿಳಿಯುತ್ತಾರೆ. ಮಸಿಯ ಭಯ ನಮಗಷ್ಟೇ ಇತ್ತು.

ಮೊದಲ ತಿಂಗಳು ಕಟ್ಟಿದರು, ಫೋಟೊ ತೆಗೆಸಿಕೊಂಡರು. ಮರುತಿಂಗಳು ಕೇಳಿದರೆ ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಹೋದ ತಿಂಗಳ ಕೊಟ್ಟೀನಲ್ರಿ. ಮತ್ತ ಅದನ್ನೇ ಕೊಟ್ರ ಹೊಸಾದೇನು ಬಂತು?"

ಆಮೇಲೆ, ಕಳಿಸಿದ್ದೇನೆ, ಸುಮ್ಮನಿರಿ ಎಂದರು. ಹಸಿ ಸುಳ್ಳು. ಕಳಿಸಿದ್ದು ಒಂದು ಮೇಜು, ಅದರ ಅಂಚಿಗೆ ಹಿತ್ತಾಳೆಯಲ್ಲಿ ಕೆತ್ತಿಸಿದ ಹೆಸರು. ನಾವು ಆ ಮೇಜನ್ನು ಎಲ್ಲಿ ಇಡುವುದೆಂದು ಯೋಚಿಸುತ್ತಿದ್ದಾಗ, ಬಾಡಿಗೆ ಬರಲಿಲ್ಲವೆಂದು ಸರ್ವರಿನವರು ಎಲ್ಲವನ್ನೂ ಅಳಿಸಿಹಾಕಿದರು. ಅಳತೆಗಳ ನಕಲು ಪ್ರತಿಯೂ ಅದೇ ಬಾಡಿಗೆಯ ಜಾಗದಲ್ಲಿತ್ತು.

ನಾಗರತ್ನಮ್ಮ ಫೋನ್ ಮಾಡಿದಳು. "ಅಣ್ಣ, ಮದ್ವೆ ಮನೆಯೋರು ಬಟ್ಟೆ ಕೊಟ್ಟವ್ರೆ, ಅಳತೆ ಒಂದೂ ಕಾಣ್ತಿಲ್ಲ. ಯಾವ ಮಕ ಇಟ್ಕಂಡು ಮತ್ತೆ ಟೇಪ್ ಹಿಡ್ಕಂಡು ಹೋಗ್ಲಿ?" ಆ ಮದುವೆಯ ಬಟ್ಟೆ ಮಡಕಶಿರದ ಬೇರೆ ಟೈಲರ್ ಪಾಲಾಯಿತು.

ನಕ್ಷೆ ಸಿಗದೆ ತಮ್ಮ ಮಾಸ್ತರನ ಕೈ ಕಟ್ಟಿಹೋದ ಮೇಲೆ ವಿರೂಪಾಕ್ಷಪ್ಪನವರೇ ಬಂದರು. ಗಂಟಲು ಸರಿಮಾಡಿಕೊಂಡು, ಒಂದೇ ಸಲಕ್ಕೆ ಎಷ್ಟಾದರೂ ಕೊಡುತ್ತೇನೆ, ದೊಡ್ಡದಾಗಿ ಉದ್ಘಾಟನೆ ಇಟ್ಟುಕೊಳ್ಳಿ ಎಂದರು. ಪ್ರತಿ ತಿಂಗಳೂ ಬೇಕಲ್ಲ ಎಂದೆ.

"ತಿಂಗಳಾ ತಿಂಗಳಾ ಕೊಟ್ರ ಅದು ದಾನ ಅಲ್ರಿ, ಬಾಡಗಿ."

"ಹೌದ್ರಿ, ಬಾಡಗಿನೇ. ನಿಮ್ಮ ಮಾಸ್ತರೂ ಅದೇ ಮನ್ಯಾಗ ಅದಾನ."

ಎದ್ದು ಹೋದವರು ಮತ್ತೆ ಇತ್ತ ತಲೆ ಹಾಕಲಿಲ್ಲ. ನನಗೇನೂ ಬೇಸರವಾಗಲಿಲ್ಲ.

ತಂತ್ರಾಂಶವನ್ನು ನಾವು ಬೇರೆ ಸರ್ವರಿಗೆ ಮತ್ತೆ ಹಾಕಿದ್ದೇವೆ; ಅದರ ಬಾಡಿಗೆ ಈಗ ಮನೆಯಲ್ಲಿ ಹೊಲಿಯುವ ಹೆಂಗಸರ ಚಂದಾದಲ್ಲಿ ನಡೆಯುತ್ತಿದೆ. ಅಳತೆಗಳನ್ನು ಅವರು ಮನೆಮನೆಗೆ ಹೋಗಿ ಮತ್ತೆ ತಂದು ತುಂಬಿಸಿದ್ದಾರೆ. ಎಲ್ಲರಿಗೂ ಎಂದು ತೆರೆದಿಟ್ಟದ್ದನ್ನು ಒಬ್ಬರಿಗೆ ಮುಚ್ಚುವ ಹಾಗಿಲ್ಲವಾದ್ದರಿಂದ ಆ ಮಾಸ್ತರ್ ಇವತ್ತಿಗೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲಾಗಿನ್ ಆಗುತ್ತಾನೆ. ವಿರೂಪಾಕ್ಷಪ್ಪನವರ ಪ್ಯಾಂಟುಗಳ ಬಾಡಿಗೆಯನ್ನು ಈಗ ಅಗಳಿಯ ನಾಗರತ್ನಮ್ಮ ಕಟ್ಟುತ್ತಿದ್ದಾಳೆ.