ಗುರುತು ಹಾಕದ ಚೌಕ

ಅಪ್ಪನ ಸಂಸ್ಕೃತದ ಬಂಡವಾಳ ಒಂದೇ ಸಾಲು: ಮೌನಂ ಸಮ್ಮತಿ ಲಕ್ಷಣಂ. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಸುತ್ತಿಗೆ ಸದ್ದಿನಲ್ಲಿ ಆಯಸ್ಸು ಕಳೆದವರಿಗೆ, ಎದುರಿನವರು ಬಾಯಿ ಬಿಡದಿದ್ದರೆ ಅದೇ ಒಪ್ಪಿಗೆ. ಗಂಡಿನ ಕಡೆಯವರು ಬಂದುಹೋದ ಸಂಜೆ ಅಕ್ಕನನ್ನು, "ಏನಮ್ಮಾ, ಆಗಬಹುದಾ?" ಎಂದು ಕೇಳಿದರು. ಅವಳು ತಲೆ ತಗ್ಗಿಸಿ ಕಾಫಿ ಲೋಟಗಳನ್ನು ಜೋಡಿಸುತ್ತಲೇ ಇದ್ದಳು. ಅಪ್ಪ ಆ ಸಾಲು ಹೇಳಿದರು, ಅಮ್ಮ ಸಕ್ಕರೆ ಹಂಚಿದಳು. ಆ ಸಾಲು ಬರೆದವನು ಕೈಗೆ ಸಿಕ್ಕಿದ್ದರೆ ನಾನು ಎರಡು ಬಿಗಿಯುತ್ತಿದ್ದೆ.

ಮೊದಲ ಆಷಾಢಕ್ಕೆ ತವರಿಗೆ ಬಂದಾಗ ಅಕ್ಕ ಅರ್ಧ ಆಳಾಗಿದ್ದಳು. ಏನು ಕೇಳಿದರೂ ನಮ್ಮ ಬೀದಿಯ ತಮಿಳು ಬೆರೆಸಿ "ಒಣ್ಣುಮಿಲ್ಲೆ, ಏನೂ ಇಲ್ಲ, ಚೆನ್ನಾಗಿದೀನಿ" ಎನ್ನುವಳು. ಅವಳ ತೋಳಿನ ಕಪ್ಪು ಕಲೆಗಳ ಮೇಲೆ ಅಮ್ಮ ನೋಡಿಯೂ ನೋಡದವಳಂತೆ ಎಣ್ಣೆ ಹಚ್ಚುತ್ತಿದ್ದಳು.

ನಾನಾಗ ಸೌಕಾರ್‌ಪೇಟೆಯ ಸೀರೆ ಅಂಗಡಿಯೊಂದಕ್ಕೆ ವೆಬ್‌ಸೈಟ್ ಬರೆಯುತ್ತಿದ್ದೆ. ಗಿರಾಕಿಗಳು ತಮಗೆ ಬೇಕಾದ ಸೀರೆಗಳ ಮುಂದಿನ ಚೌಕದಲ್ಲಿ ಟಿಕ್ ಹಾಕಿ ಕಳಿಸಬೇಕು. ಒಂದು ಭಾನುವಾರ ಮಧ್ಯಾಹ್ನ, ಮನೆಗೆ ಹೊಸದಾಗಿ ಬಂದಿದ್ದ ಕಂಪ್ಯೂಟರ್ ಮುಂದೆ ಅಕ್ಕ ನನ್ನ ಪಕ್ಕ ಕೂತಳು.

"ಟಿಕ್ ಹಾಕ್ದೇ ಬಿಟ್ಟಿದ್ದು ಏನಾಗತ್ತೆ?"

"ಅದು ನಮಗೆ ಬರೋದೇ ಇಲ್ಲ. ಬೇಡ ಅಂತಲೂ ಹೇಳಲ್ಲ. ನಾವೇನೇನು ಕೇಳಿದ್ವಿ ಅಂತ ಸರ್ವರ್, ಅಂದ್ರೆ ಅಂಗಡಿ ಕಡೆ ಕಂಪ್ಯೂಟರೇ, ನೆನಪಿಟ್ಕೊಂಡು, ಬರದೇ ಇದ್ದದ್ದನ್ನೆಲ್ಲ ಬೇಡ ಅಂತ ಬರ್ಕೋಬೇಕು."

"ಚುಮ್ಮಾ, ಏನೂ ಹೇಳ್ದೆ ಇದ್ರೆ ಬೇಡ ಅಂತಾನಾ?"

"ಹೂಂ, ಅಷ್ಟೇ."

ಅವಳು ಪರದೆಯ ಮೇಲಿನ ಒಂದು ಖಾಲಿ ಚೌಕದ ಮೇಲೆ ಬೆರಳಿಟ್ಟಳು. ಆಮೇಲೆ ಎದ್ದು, ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು.

ಆಷಾಢ ಮುಗಿಯಿತು. ಅವಳನ್ನು ಕರೆದೊಯ್ಯಲು ಭಾವ ಬಂದು ನಡುಮನೆಯಲ್ಲಿ ಕೂತರು. ಅಪ್ಪ, "ಹೊರಡ್ತೀಯೇನಮ್ಮಾ?" ಎಂದರು. ಅಕ್ಕ ಮಾತಾಡಲಿಲ್ಲ. ಅಮ್ಮ ಕುಂಕುಮದ ತಟ್ಟೆ ತರಲು ಎದ್ದಳು. ಅಪ್ಪನ ಬಾಯಲ್ಲಿ "ಮೌನಂ" ಎಂದು ಶುರುವಾಗುತ್ತಿದ್ದಂತೆ ಅಕ್ಕ ತಲೆಯೆತ್ತಿ, "ಬೇಡಪ್ಪಾ, ನಾನು ಹೋಗಲ್ಲ" ಎಂದಳು.

ಭಾವ ಒಂದಷ್ಟು ಕೂಗಾಡಿ ಹೊರಟುಹೋದ ಮೇಲೂ ಅಪ್ಪ ಕುರ್ಚಿಯಿಂದ ಏಳಲಿಲ್ಲ.

"ಬೇಡ ಅಂತ ಅವತ್ತೇ, ಅವರು ನೋಡೋಕೆ ಬಂದಾಗಲೇ, ಹೇಳಬಾರದಿತ್ತೇನಮ್ಮಾ?"

ಅಕ್ಕ ಅವರ ಕಾಲ ಬಳಿ ಕೂತಳು. "ಅವತ್ತೂ ಹೇಳಿದ್ದೆ ಅಪ್ಪಾ," ಎಂದಳು. "ನಿಮಗೆ ಮುಟ್ಟಲೇ ಇಲ್ಲ."