ಅಪ್ಪನ ಗಂಟಲು, ಅಕ್ಕನ ಪ್ರಶ್ನೆ

ನಮ್ಮಕ್ಕ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ ಎಂದರೆ ಸಾಕು, ಜನ ತಕ್ಷಣ ನಾಲಿಗೆ ಚಾಚಿ ತೋರಿಸುತ್ತಾರೆ. ಡಾಕ್ಟರಲ್ಲ, ನರ್ಸೂ ಅಲ್ಲ, ಲೈಬ್ರರಿಯನ್ ಎಂದರೆ ನಾಲಿಗೆ ಒಳಗೆಳೆದುಕೊಂಡು, "ರೋಗಿಗಳಿಗೆ ಕಥೆ ಪುಸ್ತಕ ಕೊಡ್ತಾರಾ?" ಎನ್ನುತ್ತಾರೆ. ಕೊಡುವುದಿಲ್ಲ. ಬೆಳಿಗ್ಗೆ ಡಾಕ್ಟರುಗಳ ದಂಡು ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೊರಟಾಗ ಇವಳೂ ಕಂಪ್ಯೂಟರ್ ಹೊತ್ತುಕೊಂಡು ಜೊತೆಗೆ ಹೋಗುತ್ತಾಳೆ. ಯಾವುದಾದರೂ ಚಿಕಿತ್ಸೆಯ ಬಗ್ಗೆ ಅವರಿಗೆ ಅನುಮಾನ ಬಂದರೆ, ಲೋಕದಲ್ಲಿ ಯಾರು ಅದನ್ನು ಪರೀಕ್ಷಿಸಿ ಏನು ಕಂಡುಕೊಂಡಿದ್ದಾರೆ ಎಂದು ಹುಡುಕಿ ಮುಂದಿಡುವುದು ಅವಳ ಕೆಲಸ.

ಇದಕ್ಕೆ ಅವಳು ಪಟ್ಟ ಪಾಡು ಕಡಿಮೆಯದಲ್ಲ. ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸಿಕೊಂಡು ತಣ್ಣಗಿದ್ದವಳನ್ನು ಆಸ್ಪತ್ರೆಯವರು ಮತ್ತೆ ಬೆಂಚಿನ ಮೇಲೆ ಕೂರಿಸಿದರು. ತನಗಿಂತ ಎಷ್ಟೋ ಚಿಕ್ಕವರ ಜೊತೆ ಕೂತು ಎಲುಬುಗಳ ಹೆಸರು ಉರು ಹೊಡೆದಳು. ಒಂದು ಅಧ್ಯಯನವನ್ನು ನಂಬುವ ಮೊದಲು ಅದಕ್ಕೆ ದುಡ್ಡು ಕೊಟ್ಟವರು ಯಾರು, ನಡುವೆ ಬಿಟ್ಟುಹೋದ ರೋಗಿಗಳ ಗತಿ ಏನಾಯಿತು ಎಂದು ಕೆದಕುವುದನ್ನು ಕಲಿತಳು. ಕೊನೆಗೆ ಆರು ತಿಂಗಳು ಬಾಯಿ ಬಿಡದೆ ಡಾಕ್ಟರುಗಳ ಹಿಂದೆ ಬರೀ ನಡೆಯಬೇಕಿತ್ತು. ನಮ್ಮ ವಂಶದಲ್ಲಿ ಅಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದವರು ಅವಳೊಬ್ಬಳೇ.

ಅಲ್ಲಿ ಕಲಿತ ಮುಖ್ಯ ಪಾಠ ಪ್ರಶ್ನೆ ಕೇಳುವುದು. ಯಾರಿಗೆ ಚಿಕಿತ್ಸೆ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಅದರಿಂದ ರೋಗಿಗೆ ಆಗಬೇಕಾದ್ದೇನು ಎಂಬುದು ತಿಳಿಯದೆ ಹುಡುಕಲು ಕೂರಬಾರದು. ಆ ಕೊನೆಯ ಪ್ರಶ್ನೆಯನ್ನು ಯಾರಾದರೂ ನುಂಗಿಹಾಕಿದರೆ ಹಿರಿಯ ಕಿರಿಯ ನೋಡದೆ ವಾರ್ಡಿನ ನಡುವೆಯೇ ತಡೆದು ನಿಲ್ಲಿಸುತ್ತಿದ್ದಳು. ಡಾಕ್ಟರುಗಳು ಅವಳಿಗೆ ಪ್ರಶ್ನೆ ಮೇಡಂ ಎಂದು ಹೆಸರಿಟ್ಟರು. ಮನೆಯಲ್ಲೂ ಅದೇ ಗೋಳು. "ತಲೆನೋವಿಗೆ ಕಾಫಿ ಒಳ್ಳೇದಾ?" ಎಂದು ಭಾವ ಕೇಳಿದರೆ, "ಯಾವುದಕ್ಕಿಂತ ಒಳ್ಳೇದು?" ಎನ್ನುತ್ತಾಳೆ. ಪಾಪ, ಭಾವ ಈಗ ತಲೆನೋವನ್ನು ಗುಟ್ಟಾಗಿ ಅನುಭವಿಸುತ್ತಾರೆ.

ಹೀಗಿರುವಾಗ ಅಪ್ಪನ ಗಂಟಲಿಗೆ ಕ್ಯಾನ್ಸರ್ ಬಂತು. ಅಕ್ಕನ ಆಸ್ಪತ್ರೆಗೇ ಸೇರಿಸಿದೆವು. ಅಪ್ಪ ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಬಾಯೇ ಬಂಡವಾಳ, ಅಲ್ಲಿ ಖರ್ಚಾಗದೆ ಉಳಿದದ್ದನ್ನು ಮನೆಗೆ ತಂದು ನಮ್ಮ ಮೇಲೆ ಸುರಿಯುತ್ತಿದ್ದ. ಧ್ವನಿಪೆಟ್ಟಿಗೆ ತೆಗೆಯಬೇಕಾಗಬಹುದು ಎಂದು ಡಾಕ್ಟರು ಹೇಳಿದಾಗ ಅಮ್ಮ, "ಮದ್ವೆ ಆದಾಗಿಂದ ನಾನು ಬೇಡ್ಕೋತಿದ್ದದ್ದು ಇದನ್ನೇ" ಎಂದಳು. ಆಮೇಲೆ ಅವಳು ಅತ್ತ ಅಳು ಇಡೀ ವಾರ್ಡಿಗೆ ಕೇಳಿಸಿತು.

ಇದ್ದದ್ದು ಎರಡು ದಾರಿ. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕುವುದು, ಇಲ್ಲವೇ ಅದನ್ನು ಉಳಿಸಿಕೊಂಡು ರೇಡಿಯೇಷನ್ ಕೊಡುವುದು. ದೊಡ್ಡ ಡಾಕ್ಟರು, "ಇದನ್ನ ನೀವು ಹುಡುಕೋದು ಬೇಡ ಮೇಡಂ, ನಿಮ್ಮ ತಂದೆಯವರು" ಎಂದರು. ಇವಳು ಕೇಳಬೇಕಲ್ಲ. ಮರುದಿನ ಅಪ್ಪನ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು ಹುಡುಕಿದ್ದನ್ನು ಪಟಪಟ ಓದಿದಳು. ಇಂಥ ಗಡ್ಡೆಗೆ ಆಪರೇಷನ್ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಿದ್ದರು. ಅಧ್ಯಯನಗಳೂ ಗಟ್ಟಿಯಾಗಿದ್ದವು. ಡಾಕ್ಟರುಗಳು ತಲೆಯಾಡಿಸಿದರು.

ಅಪ್ಪ ಗೊಗ್ಗರು ದನಿಯಲ್ಲಿ ನನ್ನನ್ನು ಕೇಳಿದ: "ಇವಳು ಯಾರ ಗಂಟಲಿನ ವಿಷ್ಯ ಹೇಳ್ತಿದಾಳೆ? ನಂದಾ?"

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ದಂಡು ಮುಂದಿನ ಹಾಸಿಗೆಗೆ ಹೋಗುತ್ತಲೇ ಅಕ್ಕನ ಕೈ ಹಿಡಿದೆಳೆದೆ. "ರೋಗಿಗೆ ಏನಾಗ್ಬೇಕು ಅಂತ ಊರಿಗೆಲ್ಲ ಪಾಠ ಹೇಳ್ತೀಯಲ್ಲ, ಇವನನ್ನ ಕೇಳಿದ್ಯಾ?"

ಅವಳ ಮುಖ ಬಿಳಿಚಿಕೊಂಡಿತು. ಕೇಳಿರಲಿಲ್ಲ. ಅಪ್ಪನಿಗೆ ಬೇಕಾದ್ದು ಹೆಚ್ಚು ವರ್ಷ ಬದುಕುವುದು ಎಂದು ತಾನೇ ತೀರ್ಮಾನಿಸಿ ಹುಡುಕಲು ಕೂತಿದ್ದಳು. ಕಿರಿಯ ಡಾಕ್ಟರು ಯಾರಾದರೂ ಹೀಗೆ ಮಾಡಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದಳು.

ಮಧ್ಯಾಹ್ನ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. "ಅಪ್ಪಾ, ನಿನಗೇನು ಬೇಕು?"

"ಜೀವಾನೂ ಬೇಕು, ಬಾಯೀನೂ ಬೇಕು. ಎರಡೂ ಸಿಗಲ್ವಾ?"

"ರೇಡಿಯೇಷನ್ನಲ್ಲಿ ಸಿಗಬಹುದು. ಆದ್ರೆ ಕಾಯಿಲೆ ಮತ್ತೆ ಬರೋ ಭಯ ಜಾಸ್ತಿ."

"ಪೆಟ್ಟಿಗೆ ತೆಗೆದ್ರೆ?"

"ಯಂತ್ರ ಇಟ್ಕೊಂಡು ಮಾತಾಡೋದು ಕಲೀಬಹುದು."

"ಯಂತ್ರದಲ್ಲಿ ಬೈದ್ರೆ ನಿಮ್ಮಮ್ಮ ಹೆದರ್ತಾಳಾ? ನಗ್ತಾಳೆ." ಅಪ್ಪ ಅವಳ ಕಡೆ ತಿರುಗಿದ. "ನೀನೇನು ಹೇಳ್ತೀಯ?"

"ನಾನು ಹೇಳೋ ಹಾಗಿಲ್ಲ. ಹುಡುಕಿ ಮುಂದಿಡೋದಷ್ಟೇ ನಮ್ಮ ಕೆಲಸ."

"ಲೈಬ್ರರಿಯವಳನ್ನ ಕೇಳ್ಲಿಲ್ಲ ಕಣೇ, ಮಗಳನ್ನ ಕೇಳ್ದೆ."

"ಮಾತಿಲ್ದಿದ್ರೂ ಸರಿ, ನೀನು ಇರ್ಬೇಕು" ಎಂದವಳೇ ಅತ್ತುಬಿಟ್ಟಳು.

ಅಪ್ಪ ಅವಳ ತಲೆ ಸವರಿದ. "ಗೊತ್ತು. ಆದ್ರೂ ನಂಗೆ ನನ್ನ ಬಾಯಿ ಬೇಕು. ಅದಿಲ್ದೆ ಮಾರ್ಕೆಟ್ಟಿಗೆ ಹೋಗಿ ಟೊಮ್ಯಾಟೊ ಮುಖ ನೋಡ್ಕೊಂಡು ಕೂತ್ಕೊಳ್ಲಾ?"

ಅಕ್ಕನಿಗೆ ಸಂಕಟವಾಯಿತು, ಆದರೆ ವಾದಿಸಲಿಲ್ಲ. ಸಂಜೆ ಕೂತು ಹೊಸದಾಗಿ ಹುಡುಕಿದಳು. ಈ ಸಲ ಯಾರಿಗೆ ಮಾತು ಉಳಿಯಿತು, ಎಷ್ಟು ಚೆನ್ನಾಗಿ ಉಳಿಯಿತು, ಅದಕ್ಕೆ ಏನು ತೆರಬೇಕಾಯಿತು ಎಂದು.

ಬೆಳಿಗ್ಗೆ ದಂಡು ಅಪ್ಪನ ಹಾಸಿಗೆಗೆ ಬಂದಾಗ, "ನಿನ್ನೆ ನಾನು ತಪ್ಪು ಪ್ರಶ್ನೆ ಇಟ್ಕೊಂಡು ಹುಡುಕಿದ್ದೆ" ಎಂದಳು. "ಈ ರೋಗಿಗೆ ಉಳೀಬೇಕಾದ್ದು ಮಾತು." ಓದತೊಡಗಿದಳು. ರೇಡಿಯೇಷನ್ ಆದಮೇಲೆ ಕಾಯಿಲೆ ಮರಳಿ ಬಂದವರೆಷ್ಟು ಎಂಬ ಸಾಲಿಗೆ ಬಂದಾಗ ಅವಳ ದನಿ ಸಣ್ಣಗಾಗುತ್ತ ಹೋಗಿ ನಿಂತೇಬಿಟ್ಟಿತು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಅಪ್ಪ ದಿಂಬಿಗೆ ಮೊಣಕೈ ಊರಿ ಎದ್ದ. ಇದ್ದಷ್ಟು ದನಿಯನ್ನೆಲ್ಲ ಒಟ್ಟುಮಾಡಿಕೊಂಡು ಕೂಗಿದ: "ಜೋರಾಗಿ ಓದೇ! ಹಿಂದಿರೋರಿಗೆ ಕೇಳಿಸ್ತಿಲ್ಲ!"

ಅಕ್ಕ ಕಣ್ಣೊರೆಸಿಕೊಂಡು ಆ ಸಾಲನ್ನು ಮತ್ತೆ, ಜೋರಾಗಿ ಓದಿದಳು.